ಮಿಲ್ಲಿನ ಸೆಮಿಸ್ಟರ್ ಕಡ್ಡಾಯವೇ?

ಮೀಟಿಂಗಿನಲ್ಲಿ ಬೋಂಡಾದ ಜೊತೆ ಗೋಡಂಬಿ ಬಿಸ್ಕತ್ತನ್ನೂ ಇಟ್ಟಿದ್ದರೆ ನಾನು ಹುಷಾರಾಗಿಬಿಡುತ್ತೇನೆ. ಬರೀ ಬೋಂಡಾ ಇದ್ದರೆ ಅದು ಮಾಮೂಲಿ ಮೀಟಿಂಗು, ಕೂತು ಎದ್ದು ಬಂದರಾಯಿತು. ಬಿಸ್ಕತ್ತು ಬಂತೆಂದರೆ ಹೊರಗಿನವರು ಯಾರೋ ಬರುತ್ತಿದ್ದಾರೆ, ಒಳಗಿನವರ ತಲೆಯ ಮೇಲೆ ಏನೋ ಬೀಳಲಿದೆ ಎಂದು ಲೆಕ್ಕ. ಶರವಣಂಪಟ್ಟಿಯ ಕಾಲೇಜಿನಲ್ಲಿ ಜವಳಿ ತಂತ್ರಜ್ಞಾನ ಪಾಠ ಮಾಡಲು ಸೇರಿದ ಮೇಲೆ ನಾನು ಕಲಿತ ಮೊದಲ ವಿದ್ಯೆ ಇದು. ಆ ದಿನ ಮೇಜಿನ ಮೇಲೆ ಎರಡೂ ಇದ್ದವು.

ನಮ್ಮ ವಿಭಾಗದ ಮುಖ್ಯಸ್ಥರು ಬಹಳ ಸಂಭ್ರಮದಲ್ಲಿದ್ದರು. ಈ ಸಲ ಕೊನೆಯ ವರ್ಷದ ಸಿಲಬಸ್ಸನ್ನು ಅಧ್ಯಾಪಕರು ಮಾತ್ರ ಬರೆಯುವುದಿಲ್ಲ, ವಿದ್ಯಾರ್ಥಿಗಳೂ ಬರೆಯುತ್ತಾರೆ, ಮಿಲ್ಲಿನವರೂ ಬರೆಯುತ್ತಾರೆ, ಎಲ್ಲರೂ ಕೂಡಿ ಕಟ್ಟುವ ಕಲಿಕೆ ಇದು ಎಂದು ತಮಿಳಿನಲ್ಲಿ ಉದ್ದಕ್ಕೆ ಹೇಳಿದರು. ಅಯ್ಯೋ ಶಿವನೇ, 'ಎಲ್ಲರೂ ಕೂಡಿ' ಎಂಬ ಮಾತು ಬಂದಾಗಲೆಲ್ಲ ಯಾರೋ ಒಬ್ಬರು ಮೊದಲೇ ಬರೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಾನು ಬಿಸ್ಕತ್ತು ಮುಟ್ಟಲಿಲ್ಲ.

ವಿದ್ಯಾರ್ಥಿಗಳ ಕಡೆಯಿಂದ ಮೂರನೇ ವರ್ಷದ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಬಂದು ಗೋಡೆಗೆ ಅಂಟಿಕೊಂಡಂತೆ ಕೂತಿದ್ದರು. ನೀವು ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆಲ್ಲ ಹುಡುಗರು "ಓಕೆ ಸರ್" ಎಂದರು. ಅಲ್ಲವೇ ಮತ್ತೆ! ಇಂಟರ್ನಲ್ ಮಾರ್ಕ್ಸು ನಮ್ಮ ಕೈಯಲ್ಲಿದೆ; ನಮ್ಮೆದುರು ಬಾಯಿ ಬಿಚ್ಚಲು ಅವರಿಗೇನು ಹುಚ್ಚೇ? ನನ್ನ ಪಾಠ ಹೇಗಿದೆ ಎಂದು ಕೇಳಿದರೆ "ಸೂಪರ್ ಮೇಡಂ" ಎನ್ನುವ ಇದೇ ಮಕ್ಕಳು ಕ್ಯಾಂಟೀನಿನಲ್ಲಿ ನನ್ನ ನಡಿಗೆಯನ್ನು ಅಣಕಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಅವರನ್ನು ನಂಬುವುದಿಲ್ಲ, ಅವರು ನನ್ನನ್ನು ನಂಬುವುದಿಲ್ಲ, ಅಷ್ಟರಮಟ್ಟಿಗೆ ನಮ್ಮ ಸಂಬಂಧ ಚೆನ್ನಾಗಿಯೇ ಇತ್ತು.

ಹುಡುಗಿಯ ವಿಷಯ ಸ್ವಲ್ಪ ಬೇರೆ. ಅವಳು ಅನ್ನೂರಿನ ಕಡೆಯವಳು. ಮನೆಯಲ್ಲಿ ಹೊಲ, ಮಳೆ ಬಂದರೆ ಜೋಳ, ಬಾರದಿದ್ದರೆ ಹಸುಗಳ ಹಾಲು. ಒಂದು ದಿನ ಕಾರಿಡಾರಿನಲ್ಲಿ ನಾನು ದಾವಣಗೆರೆಯ ನಮ್ಮಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಾಗ ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕಿದ್ದಳು. "ಏನಮ್ಮಾ, ಅರ್ಥ ಆಯ್ತಾ ನಿನಗೆ?" ಎಂದೆ. "ನಮ್ಮನೇಲೂ ಕನ್ನಡವೇಂಗ ಮೇಡಂ. ಆನಾ ಓದೋಕೆ ಬರಲ್ಲ" ಎಂದಳು. ತಮಿಳಿನ ಎಳೆತ, ತಮಿಳಿನ ಪದಗಳು, ಆದರೂ ಕನ್ನಡವೇ. ಅವತ್ತಿನಿಂದ ಅವಳೊಬ್ಬಳ ಜೊತೆ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ. ಈ ಊರಿನಲ್ಲಿ ಅದೊಂದು ಸುಖ, ಮನಸ್ಸಿಗೆ ಬಂದದ್ದನ್ನು ಅಂದುಬಿಡಬಹುದು, ಸುತ್ತಲಿನವರಿಗೆ ತಿಳಿಯುವುದಿಲ್ಲ ಎಂಬ ಸುಖ.

ಹೊರಗಿನಿಂದ ಬಂದವರು ಪೆರಿಯನಾಯಕನಪಾಳ್ಯದ ಒಂದು ನೂಲಿನ ಮಿಲ್ಲಿನ ಹಿರಿಯ ಮ್ಯಾನೇಜರು. ಬಿಳಿ ಷರಟು, ಹಣೆಯಲ್ಲಿ ವಿಭೂತಿ, ಮಾತಿಗೊಮ್ಮೆ 'ನಿಮ್ಮ ಮಕ್ಕಳು ನಮ್ಮ ಮಕ್ಕಳು' ಎನ್ನುವ ವಿನಯ. ಅವರ ಪ್ರಸ್ತಾಪ ಇಷ್ಟು: ಕೊನೆಯ ಸೆಮಿಸ್ಟರ್ ಪೂರ್ತಿ ಮಿಲ್ಲಿನಲ್ಲೇ. ಮಕ್ಕಳು ಅಲ್ಲೇ ಹಾಸ್ಟೆಲಿನಲ್ಲಿದ್ದು ಹತ್ತಿಯಿಂದ ನೂಲಿನವರೆಗೆ ಎಲ್ಲ ಖಾತೆಗಳಲ್ಲೂ ಕೆಲಸ ಕಲಿಯಬೇಕು. ಕಲಿತವರನ್ನು ಸೂಪರ್‌ವೈಸರ್ ಕೆಲಸಕ್ಕೆ ತೆಗೆದುಕೊಳ್ಳುವಾಗ ಮೊದಲು ಕರೆಯುತ್ತೇವೆ ಎಂದೂ ಸೇರಿಸಿದರು.

ಓಹೋ, ಇದಾ ಸಮಾಚಾರ ಅಂದುಕೊಂಡೆ. ಪಕ್ಕಕ್ಕೆ ವಾಲಿ ಹುಡುಗಿಯ ಕಿವಿಯಲ್ಲಿ ಕನ್ನಡದಲ್ಲಿ, "ಪುಕ್ಕಟೆ ಆಳು ಬೇಕಾಗಿದಾವೆ ಈ ಮಹಾರಾಯಂಗೆ. ಸಿಲಬಸ್ಸಂತೆ ಸಿಲಬಸ್ಸು!" ಎಂದೆ. ಹುಡುಗಿ ನಗಲಿಲ್ಲ. ಮುಖ ಬಿಳುಪೇರಿತು, ಕಾಲ ಬೆರಳನ್ನು ನೋಡುತ್ತ ಕೂತಳು. ಎರಡೇ ಮಾರು ಆಚೆ ಮ್ಯಾನೇಜರು ಕಾಫಿಗೆ ಸಕ್ಕರೆ ಹಾಕಿಕೊಂಡು ನಿಧಾನವಾಗಿ ಕಲಕುತ್ತಿದ್ದರು.

ಮೀಟಿಂಗ್ ಮುಗಿದು ಮೆಟ್ಟಿಲಿಳಿಯುವಾಗ ಅವರು ನನ್ನ ಪಕ್ಕಕ್ಕೆ ಬಂದರು. "ಪುಕ್ಕಟೆ ಅಲ್ಲಂಗ ಮೇಡಂ. ಮೂರು ಹೊತ್ತು ಸಾಪಾಡು ಹಾಕ್ತೀವಿ" ಎಂದರು. ತಮಿಳು ಬೆರೆತಿದ್ದರೂ ಕನ್ನಡವೇ. ನನ್ನ ಕೈಯಲ್ಲಿದ್ದ ಫೈಲು ಜಾರಿತು. "ನಮ್ಮನೇಲೂ ಕನ್ನಡವೇ. ತಾತಂಗೆ ತಾತ ಇದ್ದ ಕಾಲ್ದಿಂದ" ಎಂದು ನಕ್ಕು, ಬಗ್ಗಿ ಫೈಲನ್ನು ಎತ್ತಿ ಕೊಟ್ಟರು. ಕರ್ನಾಟಕದಿಂದ ಬಂದ ನಾವೆಲ್ಲ ಇಲ್ಲಿ ಒಂದಲ್ಲ ಒಂದು ಸಲ ಹೀಗೆ ಬೀಳುತ್ತೇವೆ ಎಂದು ಆಮೇಲೆ ಗೊತ್ತಾಯಿತು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ ನಮ್ಮ ಮಾತು ಯಾರಿಗೂ ತಿಳಿಯದೆಂದು ಧೈರ್ಯವಾಗಿ ಬೈಯುತ್ತೇವೆ. ಎದುರಿಗಿರುವವನ ಮನೆಮಾತು ಅದೇ ಆಗಿರುತ್ತದೆ.

ನಾಚಿಕೆಯಾಯಿತೇ? ಆಯಿತು. ಆದರೆ ಅನುಮಾನ ಇಳಿಯಲಿಲ್ಲ, ಏರಿತು. ಯಾಕೆಂದರೆ ಗೇಟಿನ ಹತ್ತಿರ ಅವರ ಕಾರಿನ ಪಕ್ಕ ಆ ಹುಡುಗಿ ನಿಂತು ಮಾತಾಡುತ್ತಿದ್ದಳು. "ಸರೀಂಗ ಮಾವ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಅಮ್ಮಿಣಿ, ಧೈರ್ಯವಾಗಿ ಹೇಳು" ಎಂದು ಮನೆಮಗಳನ್ನು ಕರೆದ ಹಾಗೆ ಕರೆದು ಅವರು ಕಾರು ಹತ್ತಿದರು. ಮಾವನಂತೆ! ಮೂವರಲ್ಲಿ ಒಬ್ಬಳು ಅವರ ಕಡೆಯವಳೇ. ವಿದ್ಯಾರ್ಥಿಗಳ ದನಿ ಎಂದು ಕೂರಿಸಿದ ಕುರ್ಚಿಯಲ್ಲಿ ಮಿಲ್ಲಿನ ದನಿ ಕೂತಿದೆ ಎಂದು ನನಗೆ ಖಾತ್ರಿಯಾಯಿತು.

ನನ್ನ ಈ ಬುದ್ಧಿಗೆ ಒಂದು ಹಿನ್ನೆಲೆ ಇದೆ. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದವರು. ಒಂದು ದಿನ ಯಜಮಾನರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ, ಮಿಲ್ಲನ್ನು ಹೇಗೆ ಸುಧಾರಿಸಬೇಕು, ನೀವೇ ಸಲಹೆ ಕೊಡಿ ಅಂದರಂತೆ. ಅಪ್ಪ ಹಿಗ್ಗಿಹೋದರು. ಎಂದೂ ಯಾರೂ ಕೇಳಿರದ ಮನುಷ್ಯ, ಎದ್ದು ನಿಂತು ಯಾವ ಯಂತ್ರದ ಬೆಲ್ಟು ಸವೆದಿದೆ, ಎಲ್ಲಿ ಗಾಳಿ ಸಾಲದು, ಎಲ್ಲವನ್ನೂ ಹೇಳಿ ಬಂದರು. ಮನೆಗೆ ಬಂದು ನಮಗೂ ಹೇಳಿದರು. ಮುಂದಿನ ವಾರ ಗೇಟಿಗೆ ಬೀಗ ಬಿತ್ತು. ಬಾಗಿಲು ಹಾಕುವುದು ಮೊದಲೇ ತೀರ್ಮಾನವಾಗಿತ್ತು, ಸಲಹೆ ಕೇಳಿದ್ದು ಗಲಾಟೆ ಆಗದಿರಲೆಂದು ಅಷ್ಟೇ. ಬೀಗಕ್ಕಿಂತ ಆ ಸಲಹೆ ಕೇಳಿದ್ದೇ ಅಪ್ಪನನ್ನು ಹೆಚ್ಚು ಉರಿಸಿತು. ಸಾಯುವವರೆಗೂ ಯಾರಾದರೂ 'ನಿಮ್ಮ ಅಭಿಪ್ರಾಯ ಏನು' ಎಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಅವರ ಮಗಳು ನಾನು. ಅದರ ಮೇಲೆ ಇಲ್ಲಿನ ಮಿಲ್ಲುಗಳ ಹಾಸ್ಟೆಲುಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಕೇಳಿದ ಕತೆಗಳು ಬೇರೆ. ಹೆಣ್ಣುಮಕ್ಕಳನ್ನು ಗೇಟು ದಾಟಲು ಬಿಡುವುದಿಲ್ಲ, ಫೋನು ಕೊಡುವುದಿಲ್ಲ ಎಂದು ಎಲ್ಲೋ ಯಾವುದೋ ಮಿಲ್ಲಿನ ಬಗ್ಗೆ ಹೇಳಿದ್ದು. ಈ ಮಿಲ್ಲಿನದ್ದಲ್ಲ, ನಿಜ. ಆದರೆ ಇದರದ್ದಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?

ಎರಡನೇ ಮೀಟಿಂಗಿಗೆ ನಾನು ಟೊಂಕ ಕಟ್ಟಿಕೊಂಡೇ ಹೋದೆ. ಮುಖ್ಯಸ್ಥರು ವಾಡಿಕೆಯಂತೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದರು. ಹುಡುಗರು "ಓಕೆ ಸರ್" ಎಂದರು. ಆಮೇಲೆ ಆ ಹುಡುಗಿ ಎದ್ದು ನಿಂತಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ತಮಿಳಿನಲ್ಲಿ, "ಮಿಲ್ಲಿನ ಸೆಮಿಸ್ಟರ್ ಕಡ್ಡಾಯ ಆಗಬೇಕು ಸರ್. ಎಲ್ಲರಿಗೂ" ಎಂದಳು. ಕಡ್ಡಾಯ ಮಾಡಿ ಎಂದು ಬಾಯಿಬಿಟ್ಟು ಕೇಳಿದ ವಿದ್ಯಾರ್ಥಿಯನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಹುಡುಗರಿಬ್ಬರೂ ಅವಳನ್ನು ನುಂಗುವ ಹಾಗೆ ನೋಡಿದರು. ಮ್ಯಾನೇಜರು ತಲೆಯಾಡಿಸಿದರು. ಹೇಳಿಕೊಟ್ಟ ಪಾಠ ಒಪ್ಪಿಸಿದಳಲ್ಲಪ್ಪಾ ಎಂದು ನನಗೆ ಮೈಯೆಲ್ಲ ಉರಿಯಿತು.

ಎದ್ದೆ. ಮಕ್ಕಳ ಮೇಲೆ ಹೇರುವುದಾದರೆ ಮಕ್ಕಳನ್ನು ಯಾಕೆ ಕರೆದಿರಿ ಎಂದು ಕೇಳಿದೆ. ಇಷ್ಟವಿದ್ದವರು ಮಿಲ್ಲಿಗೆ ಹೋಗಲಿ, ಇಲ್ಲದವರು ಕಾಲೇಜಿನಲ್ಲೇ ಪ್ರಾಜೆಕ್ಟ್ ಮಾಡಲಿ. ರಾತ್ರಿ ಪಾಳಿ ಹಾಕಕೂಡದು, ಕಾಲೇಜಿನವರು ವಾರಕ್ಕೊಮ್ಮೆ ಮಿಲ್ಲಿಗೆ ಹೋಗಿ ನೋಡಬೇಕು, ಫೋನು ಮಕ್ಕಳ ಕೈಯಲ್ಲೇ ಇರಬೇಕು. ಮ್ಯಾನೇಜರತ್ತ ತಿರುಗಿ, ಇವು ಒಪ್ಪಿಗೆಯೇ ಎಂದು ನೇರವಾಗಿ ಕೇಳಿದೆ. ಅವರು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಅದೂ ನನಗೆ ಸಂಶಯವೇ. ಮುಖ್ಯಸ್ಥರಿಗೆ ಮಾತ್ರ ಖುಷಿಯೋ ಖುಷಿ. ಐಚ್ಛಿಕ ಅಂದರೆ ಪೋಷಕರ ಗಲಾಟೆ ಇಲ್ಲ, ಮಿಲ್ಲಿಗೂ ಬೇಸರವಿಲ್ಲ. ಹುಡುಗರು ಮೊದಲ ಸಲ ಜೋರಾಗಿ "ಓಕೆ ಸರ್" ಎಂದರು. ಹುಡುಗಿ ಕೂತವಳು ತಲೆ ಎತ್ತಲಿಲ್ಲ. ಗೆದ್ದೆ ಎಂದುಕೊಂಡು ನಾನು ಎರಡು ಗೋಡಂಬಿ ಬಿಸ್ಕತ್ತು ತಿಂದೆ.

ಅದು ಮೇಲಿನ ಸಮಿತಿಗೆ ಹೋಗಿ ಹಾಗೇ ಪಾಸಾಗಿ ಬಂತು. ವಾರ ವಾರ ಮಿಲ್ಲಿಗೆ ಹೋಗಿ ನೋಡುವ ಕೆಲಸ ನನ್ನ ತಲೆಗೇ ಬಿತ್ತು. ಅಷ್ಟು ದಿನವೂ ಹುಡುಗಿ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಳು. ಪಾಠದ ಸಂದೇಹ ಕೇಳಲು ಬರುತ್ತಿದ್ದವಳು ಬರುವುದನ್ನೇ ಬಿಟ್ಟಳು. ಸಿಕ್ಕಿಬಿದ್ದ ಕಳ್ಳಿ ಎಂದು ನಾನೂ ಸುಮ್ಮನಿದ್ದೆ. ಎಷ್ಟು ದಿನ ಅಂತ ಸುಮ್ಮನಿರುವುದು? ಒಂದು ಮಧ್ಯಾಹ್ನ ನೂಲು ಪರೀಕ್ಷೆಯ ಲ್ಯಾಬಿನಲ್ಲಿ ಅವಳೊಬ್ಬಳೇ ರಾಟೆಗೆ ನೂಲು ಸುತ್ತುತ್ತಿದ್ದಾಗ ಬಾಗಿಲಿಗೆ ಅಡ್ಡವಾಗಿ ನಿಂತೆ.

"ಯಾರು ಹೇಳಿಕೊಟ್ಟಿದ್ದು ನಿನಗೆ, ಕಡ್ಡಾಯ ಮಾಡಿ ಅಂತ? ನಿಮ್ಮ ಮಾವನಾ?"

"ಅವ್ರು ಸೊಂತ ಮಾವ ಅಲ್ಲಂಗ ಮೇಡಂ. ನಮ್ಮ ಜನ. ದೊಡ್ಡೋರನ್ನ ಎಲ್ಲಾರ್ನೂ ಮಾವ ಅಂತೀವಿ."

"ಹೌದಾ? ಮತ್ತೆ 'ಧೈರ್ಯವಾಗಿ ಹೇಳು' ಅಂದಿದ್ದು ಯಾಕೆ?"

ಅವಳು ರಾಟೆ ನಿಲ್ಲಿಸಿದಳು. "ನಾನೇ ಕೇಳಿದ್ದು ಮೇಡಂ ಅವ್ರನ್ನ. ಕಟ್ಟಾಯಂ ಮಾಡ್ಸಿ ಮಾವ ಅಂತ. ನಾವು ಹೇಳುದ್ರೆ ಹೇರುದ್ರು ಅಂತಾರೆ, ನೀನೇ ಹೇಳು ಅಂದ್ರು."

"ನಿನಗ್ಯಾಕೆ ಕಟ್ಟಾಯಂ ಬೇಕು? ಹೋಗಬೇಕು ಅಂದ್ರೆ ಹೋಗು. ಆಯ್ಕೆ ನಿಂದು. ನಾನು ಅದಕ್ಕೇ ತಾನೆ ಹೊಡೆದಾಡಿದ್ದು!"

ಆಗ ಅವಳಿಗೆ ಸಿಟ್ಟು ಬಂತು. ಮೂರು ವರ್ಷದಲ್ಲಿ ಒಮ್ಮೆಯೂ ನನ್ನೆದುರು ದನಿ ಎತ್ತದವಳು, ಕಣ್ಣಲ್ಲಿ ನೀರು ತುಂಬಿಕೊಂಡು ಎತ್ತಿದಳು. "ಆಯ್ಕೆ ಎಲ್ಲೈತೆ ಮೇಡಂ ನಂಗೆ? ಕಾಲೇಜು ಕಟ್ಟಾಯಂ ಅಂದ್ರೆ ನಮ್ಮನೇಲಿ ಯಾರೂ ಒಂದು ಮಾತು ಆಡಲ್ಲ. ಮುಂಬೈಗೆ ಇಂಡಸ್ಟ್ರಿಯಲ್ ವಿಸಿಟ್ ಕಳ್ಸುದ್ರು, ಸಿಲಬಸ್ಸಲ್ಲಿ ಇತ್ತು. ಇಲ್ಲೇ ತಿರುಪ್ಪೂರಲ್ಲಿ ಎರಡು ದಿನ ನಿಟ್ಟಿಂಗ್ ವರ್ಕ್‌ಶಾಪು, ಇಷ್ಟ ಇದ್ದೋರು ಬನ್ನಿ ಅಂದ್ರಿ, ಕಳಿಸ್ಲಿಲ್ಲ. ಇಷ್ಟ ಅಂದ್ರೆ ದೊಡ್ಡಪ್ಪ ವೇಂಡಾ ಅಂತಾರೆ. ಅಷ್ಟೇ, ಮುಗೀತು."

ಅವಳು ಮುಗಿಸಿರಲಿಲ್ಲ. "ನಂಗೆ ಮೆಷಿನ್ ಓಡೋ ಕಡೆ ನಿಲ್ಬೇಕು ಮೇಡಂ. ಹುಡುಗೀರಂದ್ರೆ ಲ್ಯಾಬಲ್ಲಿ ಕೂತ್ಕೊಂಡು ನೂಲು ಎಳೀಬೇಕು ಅಂತಾರೆ ಎಲ್ಲಾ. ಆ ಆರು ತಿಂಗಳು ಹೋದ್ರೆ ಕೆಲಸ ಸಿಗ್ತದೆ. ಇಲ್ಲಾಂದ್ರೆ ಪರೀಕ್ಷೆ ಮುಗಿದ್ಮೇಲೆ ಮದುವೆ. ಮಾಪ್ಪಿಳ್ಳೆ ನೋಡ್ಕೊಂಡೇ ಇದಾರೆ." ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಮತ್ತೆ ರಾಟೆ ತಿರುಗಿಸತೊಡಗಿದಳು. ನೂಲು ಕಡಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದಳು.

ನಾನು ಆ ಲ್ಯಾಬಿನಿಂದ ನೇರ ಮುಖ್ಯಸ್ಥರ ಕೋಣೆಗೆ ಹೋದೆ. ಮಿಲ್ಲಿನ ಸೆಮಿಸ್ಟರನ್ನು ಕಡ್ಡಾಯ ಮಾಡಬಹುದೇ, ಮತ್ತೊಮ್ಮೆ ಸಮಿತಿಯ ಮುಂದೆ ಇಡಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಮೀಟಿಂಗಿನಲ್ಲಿ ಅಷ್ಟು ಕೂಗಾಡಿದವರು ನೀವೇ ಅಲ್ಲವೇ ಎಂದರು. ಈಗ ಏನಾಯಿತು, ಯಾರಾದರೂ ಮಾತಾಡಿಸಿದರೇ ಎಂದರು. ಆಮೇಲೆ ಮೆಲ್ಲಗೆ, "ಮಿಲ್ಲಿನವರು ನಿಮಗೆ ಕನ್ಸಲ್ಟೆನ್ಸಿ ಏನಾದರೂ ಕೊಡ್ತಾರಂತಾ ಮೇಡಂ?" ಎಂದು ಕೇಳಿದರು. ಕಾರಣ ಹೇಳಿದರೆ ಹುಡುಗಿಯ ಮನೆಯ ವಿಷಯ ಸ್ಟಾಫ್ ರೂಮಿನ ತುಂಬ ಸಂಜೆಯೊಳಗೆ ಹರಡುತ್ತದೆ. ನನ್ನ ವಿಭಾಗವನ್ನು ನಾನು ಬಲ್ಲೆ. ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಪಾಸಾದದ್ದನ್ನು ಈ ವರ್ಷ ತಿದ್ದಲಾಗುವುದಿಲ್ಲ ಎಂದು ಬೆನ್ನ ಹಿಂದಿನಿಂದ ಹೇಳಿದರು.

ಅವತ್ತಿನಿಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯಲಿಲ್ಲ. ಕೊನೆಗೆ ಸಿಕ್ಕಿದವನು ಅವಳಪ್ಪ. ಕಂಡಿಲ್ಲ, ಮಾತಾಡಿಲ್ಲ, ಆದರೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಸಾಕಷ್ಟು ಬೈದೆ. ಮಗಳನ್ನು ಇಂಜಿನಿಯರಿಂಗ್ ಓದಿಸುವುದು ಒಳ್ಳೆಯ ಸಂಬಂಧ ಬರಲಿ ಎಂದೇ ಇರಬೇಕು. ಅಣ್ಣನ ಮಾತು ಮೀರದ ಪುಕ್ಕಲ. ಮಗಳ ಕಣ್ಣೀರು ಕಂಡೂ ಕಾಣದವನಂತೆ ಇರುವವನು. ಹೀಗೆಲ್ಲ.

ಮಿಲ್ಲಿಗೆ ಹೋಗುವವರು ಹೆಸರು ಕೊಡಬೇಕಾದ ವಾರ ಬಂತು. ಹುಡುಗರಿಬ್ಬರೂ ಕೊಟ್ಟಿದ್ದರು, ಅವಳು ಕೊಟ್ಟಿರಲಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ವಣಕ್ಕಂಗ ಮೇಡಂ. ಪಾಪನ ಅಪ್ಪ ಮಾತಾಡೋದು, ಅನ್ನೂರಿಂದ." ಪಾಪ ಎಂದರೆ ಆ ಹುಡುಗಿ. ಹೊಲದಿಂದಲೋ ಅಂಗಳದಿಂದಲೋ ಮಾತಾಡುತ್ತಿರಬೇಕು, ಗಾಳಿಯ ಸದ್ದಿತ್ತು. "ನೀವು ಕನ್ನಡದೋರು ಅಂತ ಪಾಪ ಹೇಳ್ತು. ಒಂದು ಮಾತು ಕೇಳ್ಬೇಕಿತ್ತು."

ಬಂತು ತನಿಖೆ ಎಂದುಕೊಂಡೆ. "ಹೇಳಿ."

"ಆ ಮಿಲ್ಲಿಂದು ಆರು ತಿಂಗಳು ಐತಲ್ಲ ಮೇಡಂ. ಅದು ಕಟ್ಟಾಯಮಾ?"

ಎಲ್ಲರನ್ನೂ ಸುಳ್ಳುಗಾರರೆಂದು ಅಳೆದು ನೋಡುತ್ತ ಬಂದವಳು ನಾನು. ಈಗ ಸುಳ್ಳು ನನ್ನ ಗಂಟಲಿಗೇ ಬಂದು ಕೂತಿತ್ತು. ಆ ಹಾಸ್ಟೆಲಿನಲ್ಲಿ ಅವಳಿಗೇನಾದರೂ ಆದರೆ ಈ ಒಂದು ಮಾತು ನನ್ನ ಮೇಲಿರುತ್ತದೆ ಎಂದೂ ಅನ್ನಿಸಿತು. ಮಿಲ್ಲನ್ನು ನಾನು ಆಗಲೂ ನಂಬಿರಲಿಲ್ಲ. ನಂಬದಿದ್ದರೂ ವಾರ ವಾರ ಹೋಗಿ ನೋಡುವವಳು ನಾನೇ ತಾನೆ ಎಂದುಕೊಂಡೆ. ಲ್ಯಾಬಿನಲ್ಲಿ ಕಡಿದ ನೂಲಿಗೆ ಗಂಟು ಹಾಕುತ್ತಿದ್ದ ಅವಳ ಬೆರಳುಗಳು ಕಣ್ಣಮುಂದೆ ಬಂದವು.

"ಹೌದು. ಕಡ್ಡಾಯ" ಎಂದೆ.

ಆತ ದನಿ ತಗ್ಗಿಸಿದ. "ಮಿಲ್ಲಿನ ಮಾವನೋರು ಮೊನ್ನೆ ಒಂದು ಮದುವೇಲಿ ಸಿಕ್ಕಿದ್ರು ಮೇಡಂ. ಇಷ್ಟ ಇದ್ದೋರು ಮಾತ್ರ ಬರ್ಬೋದು ಅಂತ ಹೇಳುದ್ರು."

ನಾಲಿಗೆ ಕಚ್ಚಿಕೊಂಡೆ. ಬಾಗಿಲಿನ ಚಿಲಕ ಹಾಕಿದೆನೋ ಇಲ್ಲವೋ ಎಂದು ಸುಮ್ಮನೆ ಆ ಕಡೆ ನೋಡಿದೆ. ಆತನೇ ಮುಂದುವರಿಸಿದ. "ನಂಗೆ ಗೊತ್ತೈತೆ ಮೇಡಂ. ಪಾಪಂಗೆ ಹೋಗ್ಬೇಕು ಅಂತೈತೆ. ನಂಗೂ ಕಳಿಸ್ಬೇಕು ಅಂತೈತೆ. ನಾನು ಕಳಿಸ್ತೀನಿ ಅಂದ್ರೆ ಅಣ್ಣನೋರು ಮಾತು ಬುಡ್ತಾರೆ. ಕಾಲೇಜು ಕಟ್ಟಾಯಂ ಅಂದ್ರೆ ಅವ್ರೂ ಏನೂ ಮಾಡೋಕಾಗಲ್ಲ, ನಾನೂ ಏನೂ ಮಾಡೋಕಾಗಲ್ಲ."

"ಸರಿ" ಎಂದೆ.

"ಒಂದು ಉಪಕಾರ ಮಾಡ್ಬೇಕು ಮೇಡಂ. ನಾನು ಒಳಗೆ ಹೋಗ್ತೀನಿ. ಅಣ್ಣನೋರು, ಅತ್ತಿಗೆ, ಎಲ್ಲಾ ಕೂತವ್ರೆ. ಫೋನನ್ನ ಸ್ಪೀಕರಲ್ಲಿ ಹಾಕ್ತೀನಿ. ನಾನು ಈಗ ಕೇಳಿದ್ದನ್ನೇ ಮತ್ತೆ ಕೇಳ್ತೀನಿ. ವೇಂಡಾ ವೇಂಡಾ ಅಂತ ಸ್ವಲ್ಪ ಜಗಳನೂ ಆಡ್ತೀನಿ, ತಪ್ಪು ತಿಳ್ಕೋಬ್ಯಾಡಿ. ನೀವು ಬುಡಬ್ಯಾಡಿ."

ನಡೆಯುವ ಸದ್ದು, ಬಾಗಿಲು ಕಿರುಗುಟ್ಟಿದ ಸದ್ದು, ಟೀವಿಯ ಸದ್ದು ಒಮ್ಮೆಲೇ ಹತ್ತಿರವಾಗಿ ಯಾರೋ ಅದನ್ನು ಆರಿಸಿದ್ದು, ಎಲ್ಲ ಕೇಳಿಸಿತು. ಆಮೇಲೆ ಆತನ ದನಿ, ಈಗ ಬೇರೆಯೇ ದನಿ, ಗಡುಸಾಗಿ: "ಏನಂಗ ಮೇಡಂ, ಹೆಣ್ಣುಮಗೂನ ಆರು ತಿಂಗಳು ಮಿಲ್ಲಿಗೆ ಕಳ್ಸಿ ಅಂತೀರಂತೆ? ನಾವು ಕಳಿಸಲ್ಲ. ಅದೇನು ಕಟ್ಟಾಯಮಾ?"

ಕ್ಲಾಸಿನಲ್ಲಿ ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ ಮಾತಾಡುತ್ತೇನಲ್ಲ, ಆ ದನಿಯಲ್ಲಿ, ತಮಿಳಿನಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: "ಕಟ್ಟಾಯಂ."